"ನಾನು ಬಿಟ್ರೆ ಯಾರು ನೋಡ್ತಾರೆ?": ಉಚಿತ ಪ್ಲಗಿನ್ ನೋಡಿಕೊಳ್ಳುವವರೊಬ್ಬರ ಪ್ರಕರಣ

ವಯಸ್ಸು 31, ವಿವಾಹಿತ, ಬೆಂಗಳೂರಿನ ಕಂಪನಿಯೊಂದರಲ್ಲಿ ವೆಬ್ ಡೆವಲಪರ್. ಗುರುತು ಸಿಗದಿರಲೆಂದು ಮನೆಯ ವಿವರ, ಪ್ಲಗಿನ್ ಮಾಡುವ ಕೆಲಸ ಎಲ್ಲವನ್ನೂ ಬದಲಿಸಲಾಗಿದೆ. ಆಪ್ತಸಲಹೆಗೆ ಕರೆತಂದವರು ಹೆಂಡತಿ. "ಆಫೀಸು ಮುಗಿಸಿ ಬಂದ್ಮೇಲೆ ಇವರದ್ದು ಇನ್ನೊಂದು ಆಫೀಸು ಶುರುವಾಗತ್ತೆ ಮೇಡಂ. ಅದಕ್ಕೆ ಸಂಬಳನೂ ಇಲ್ಲ, ರಜೆನೂ ಇಲ್ಲ."

ಆ ಇನ್ನೊಂದು ಆಫೀಸು ವರ್ಡ್‌ಪ್ರೆಸ್, ಅಂದರೆ ವೆಬ್‌ಸೈಟ್ ಕಟ್ಟಲು ಬಳಸುವ ಉಚಿತ ತಂತ್ರಾಂಶ. ಕಾರ್ಯಕ್ರಮಗಳಿಗೆ ಹೆಸರು ನೋಂದಾಯಿಸುವ ಫಾರ್ಮಿನ ಪ್ಲಗಿನ್ (ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ) ಒಂದನ್ನು ಇವರು ಕಾಲೇಜು ದಿನಗಳಲ್ಲಿ ಬರೆದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ವರ್ಡ್‌ಪ್ರೆಸ್ ಡೈರೆಕ್ಟರಿಗೆ ಹಾಕಿದ್ದರು. ಈಗ ಅದರ ಪುಟದಲ್ಲಿ 20,000+ ಸಕ್ರಿಯ ಇನ್‌ಸ್ಟಾಲ್ ಎಂದಿದೆ. ಪೂರ್ತಿ ಉಚಿತ, ನೋಡಿಕೊಳ್ಳುವವರು ಇವರೊಬ್ಬರೇ. ರಾತ್ರಿ ಎರಡರವರೆಗೆ ಎಚ್ಚರ, ದಿಂಬಿನ ಪಕ್ಕ ಮೊಬೈಲು, ಇಮೇಲ್ ಸದ್ದಾದರೆ ಎದೆ ಧಸಕ್ಕೆನ್ನುವುದು, ಭಾನುವಾರ ಸಂಜೆ ತಲೆನೋವು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಾದ ಪಿಎಚ್‌ಕ್ಯು-9ರಲ್ಲಿ ಅಂಕ 11, ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಸಾಯಬೇಕೆಂಬ ಯೋಚನೆಯನ್ನು ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಅಲ್ಲಿ ಸೊನ್ನೆ ಇಲ್ಲದಿದ್ದರೆ ಮುಂದಿನ ಯಾವ ಸಲಹೆಗೂ ಕಾಯದೆ ಮನೋವೈದ್ಯರ ಬಳಿ ಕಳಿಸಬೇಕು. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆ ಇದೆ.

ಇಂಥವರಿಗೆ ಹೇಳಲು ತಟ್ಟನೆ ಬಾಯಿಗೆ ಬರುವ ಮಾತು "ಬಿಟ್ಟುಬಿಡಿ". ಮೊದಲು ನೋಡಿದ ಸಲಹೆಗಾರರೂ ಅದನ್ನೇ ಹೇಳಿ, "ನೀವಿಲ್ಲದಿದ್ದರೆ ಜಗತ್ತು ನಿಲ್ಲುತ್ತದೆ ಅನ್ನೋದು ನಿಮ್ಮ ಭ್ರಮೆ" ಎಂದಿದ್ದರಂತೆ. ಇವರು ಮತ್ತೆ ಅಲ್ಲಿಗೆ ಹೋಗಲಿಲ್ಲ. ಹೋಗದಿದ್ದದ್ದು ಸಹಜವೇ, ಯಾಕೆಂದರೆ ಇವರ ಭಯದಲ್ಲಿ ಅರ್ಧ ಪಾಲು ನಿಜ. ಡೆವಲಪರ್ ಕೈಬಿಟ್ಟ ಪ್ಲಗಿನ್ ಮರುದಿನವೇ ಕೆಡುವುದಿಲ್ಲ, ಹಾಕಿಕೊಂಡ ಸೈಟುಗಳಲ್ಲಿ ಓಡುತ್ತಲೇ ಇರುತ್ತದೆ. ಅದರಲ್ಲೊಂದು ಭದ್ರತಾ ದೋಷ ಸಿಕ್ಕರೆ ಮುಚ್ಚುವವರಿಲ್ಲ, ಅಷ್ಟೂ ಸೈಟುಗಳ ಬಾಗಿಲು ತೆರೆದೇ ಉಳಿಯುತ್ತದೆ. ಯಾರಾದರೂ ಅಪರಿಚಿತರ ಕೈಗೆ ಕೊಡೋಣವೆಂದರೆ ಇವರೇ ಉದಾಹರಣೆ ಕೊಟ್ಟರು. 2018ರಲ್ಲಿ ಬೇರೆ ಡೆವಲಪರುಗಳು ತಮ್ಮ ತಂತ್ರಾಂಶದಲ್ಲಿ ಬಳಸುವ ಈವೆಂಟ್-ಸ್ಟ್ರೀಮ್ ಎಂಬ ಕೋಡ್ ಪ್ಯಾಕೇಜನ್ನು ಅದರ ಲೇಖಕರು ಸಹಾಯಕ್ಕೆ ಬಂದವರೊಬ್ಬರಿಗೆ ಒಪ್ಪಿಸಿದರು. ಆ ವ್ಯಕ್ತಿ ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಸಿದ. 2024ರ ಮಾರ್ಚಿನಲ್ಲಿ ಬಯಲಾದ ಎಕ್ಸ್‌ಜೆಡ್ (ಫೈಲುಗಳನ್ನು ಕುಗ್ಗಿಸುವ ತಂತ್ರಾಂಶ) ಪ್ರಕರಣದಲ್ಲಿ ದಣಿದಿದ್ದ ಸ್ವಯಂಸೇವಕರೊಬ್ಬರ ಮೇಲೆ "ಬೇರೆಯವರಿಗೂ ಅಧಿಕಾರ ಕೊಡಿ" ಎಂದು ಬೇರೆ ಬೇರೆ ಹೆಸರುಗಳಿಂದ ಒತ್ತಡ ಬಂದಿತ್ತು. ಹಾಗೆ ಒಳಬಂದ ಸಹಾಯಕ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು, ಅಂದರೆ ಗುಟ್ಟಾಗಿ ಒಳನುಗ್ಗುವ ದಾರಿ ಇಟ್ಟ. ಇವೆಲ್ಲ ಗೊತ್ತಿರುವವರಿಗೆ "ನಿಮ್ಮದು ಭ್ರಮೆ" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಭಯದಲ್ಲಿ ನಿಜ ಎಷ್ಟು, ಉಬ್ಬಿದ್ದು ಎಷ್ಟು ಎಂದು ಅವರ ಜೊತೆಯೇ ಕೂತು ಬೇರೆ ಮಾಡಬೇಕು.

ಅದಕ್ಕಾಗಿ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಬರೆಯಲು ಹೇಳಲಾಯಿತು: ಗಂಟೆ, ಕೆಲಸ, ಎಷ್ಟು ನಿಮಿಷ, ಸಂಕಟ 0ರಿಂದ 10ರವರೆಗೆ ಎಷ್ಟು. ವಾರಕ್ಕೆ ಸರಾಸರಿ 17 ಗಂಟೆ ಬಂತು. ಕೋಡ್ ಬರೆದದ್ದು ನಾಲ್ಕು ಗಂಟೆಗೂ ಕಡಿಮೆ, ಸಂಕಟ 2. ಒಂಬತ್ತು ಗಂಟೆ ಬಳಕೆದಾರರ ಪ್ರಶ್ನೆಗಳಿಗೆ ಉತ್ತರ, ಸಂಕಟ 6ರಿಂದ 8. ಉಳಿದದ್ದು ಏನಾದರೂ ಬಂದಿದೆಯೇ ಎಂದು ಸುಮ್ಮನೆ ತೆರೆದು ನೋಡಿದ್ದು. ಒಂದು ಸ್ಟಾರ್ ಕೊಟ್ಟ ವಿಮರ್ಶೆಯೊಂದನ್ನು ಒಂದೇ ರಾತ್ರಿಯಲ್ಲಿ ಏಳು ಸಲ ಓದಿದ್ದರು.

ಗಂಟೆಯ ಕಾಲಂ ಇನ್ನೊಂದು ವಿಷಯ ತೋರಿಸಿತು. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಾದರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಇವರು ಚಪ್ಪಲಿ ಬಿಟ್ಟು ಮನೆಯೊಳಗೆ ಬರುವ ಹೊತ್ತಿಗೆ ಅಮೆರಿಕದ ಗ್ರಾಹಕರು ಕೆಲಸಕ್ಕೆ ಕೂರುತ್ತಾರೆ. ಪ್ರಶ್ನೆಗಳು ರಾತ್ರಿಯೇ ಬರುವುದು ಯಾರದೋ ದುರುದ್ದೇಶದಿಂದಲ್ಲ, ಭೂಮಿ ತಿರುಗುವುದರಿಂದ. ಇದನ್ನು ಕೇಳಿ ಹೆಂಡತಿಗೂ ನಗು ಬಂತು.

ಸಲಹೆಯ ಮೊದಲ ಮಾತು: ಆರು ವಾರ ಯಾವ ದೊಡ್ಡ ನಿರ್ಧಾರವೂ ಬೇಡ, ರಾತ್ರಿ ಹತ್ತರ ಮೇಲೆ ಪ್ಲಗಿನ್‌ನ ಯಾವ ಬಿಡುಗಡೆಯೂ ಬೇಡ. ಆಮೇಲೆ ಇಮೇಲ್. ಭದ್ರತಾ ದೋಷ ವರದಿಯಾದರೆ ಡೈರೆಕ್ಟರಿಯ ಪ್ಲಗಿನ್ ತಂಡ ಲೇಖಕರ ಇಮೇಲಿಗೆ ಬರೆಯುತ್ತದೆ, ಸರಿಪಡಿಸದಿದ್ದರೆ ಡೌನ್‌ಲೋಡ್ ಮುಚ್ಚುತ್ತದೆ. ಆ ಒಂದು ವಿಳಾಸದ ಮೇಲಿಗೆ ಮಾತ್ರ ಫಿಲ್ಟರ್ ಹಾಕಿ ಸದ್ದು ಇರಲಿ, ಉಳಿದದ್ದೆಲ್ಲ ಮೌನವಾಗಿ ಒಂದು ಫೋಲ್ಡರಿಗೆ ಹೋಗಲಿ ಎಂದಾಯಿತು. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಪ್ಲಗಿನ್‌ನ ರೆಪೊಸಿಟರಿಯ (ಕೋಡ್ ಸಂಗ್ರಹದ) 'ವಾಚ್' ಎಂಬ ಸೂಚನೆಯ ಆಯ್ಕೆಯನ್ನು ಎಲ್ಲ ಚಟುವಟಿಕೆಯಿಂದ ತೆಗೆದು, ತಾನು ಭಾಗವಹಿಸಿದ ಮತ್ತು ತನ್ನ ಹೆಸರು ಕರೆದ ಕಡೆಗೆ ಮಾತ್ರ ಇಳಿಸಿದರು. ನಿಜವಾದ ಭಯಕ್ಕೆ ಎಚ್ಚರ ಉಳಿಯಿತು, ಉಬ್ಬಿದ್ದಕ್ಕೆ ಸದ್ದು ನಿಂತಿತು. ನಿದ್ದೆಗೆ ಅತಿ ಹೆಚ್ಚು ಒದಗಿದ್ದು ಇದೇ.

ಪ್ರಶ್ನೆಗಳ ಹೊರೆ ಇಳಿಸಲು, ಪ್ಲಗಿನ್ ಪುಟದಲ್ಲಿ ಕಾಣುವ ವಿವರಣೆಯಿರುವ ರೀಡ್‌ಮಿ ಫೈಲಿನತ್ತ ತಿರುಗಬೇಕಾಯಿತು. ನೋಟ್‌ಬುಕ್ ಪ್ರಕಾರ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಐದೇ ವಿಷಯದವು. ಅವನ್ನು ಎಫ್‌ಎಕ್ಯು (ಪದೇಪದೇ ಕೇಳುವ ಪ್ರಶ್ನೆಗಳು) ಭಾಗಕ್ಕೆ ಸೇರಿಸಿ, "ಉತ್ತರಗಳನ್ನು ಶನಿವಾರ ಬೆಳಿಗ್ಗೆ ಕೊಡಲಾಗುತ್ತದೆ" ಎಂಬ ಸಾಲನ್ನೂ ಬರೆದರು. ಪುಟ ಬದಲಾಗಲೇ ಇಲ್ಲ ಎಂದು ಒಂದು ಸಂಜೆ ಕಂಗಾಲಾದದ್ದೂ ಉಂಟು. ಕಾರಣ ಸರಳ: ತಿದ್ದಿದ್ದು ಟ್ರಂಕ್ ಎಂಬ ಕೆಲಸದ ಫೋಲ್ಡರಿನಲ್ಲಿ, ಜನರಿಗೆ ಯಾವ ಆವೃತ್ತಿ ಕೊಡಬೇಕೆಂದು ಹೇಳುವ 'ಸ್ಟೇಬಲ್ ಟ್ಯಾಗ್' ಸಾಲು ತೋರಿಸುತ್ತಿದ್ದದ್ದು ಬಿಡುಗಡೆಯಾದ ಆವೃತ್ತಿಗಳಿರುವ ಟ್ಯಾಗ್ಸ್‌ನೊಳಗಿನ ಹಳೆಯ ಫೋಲ್ಡರನ್ನು. ಡೈರೆಕ್ಟರಿ ಓದುವುದು ಆ ಫೋಲ್ಡರಿನ ರೀಡ್‌ಮಿಯನ್ನು. ವರ್ಡ್‌ಪ್ರೆಸ್‌ನ ಯಾವ ಆವೃತ್ತಿಯವರೆಗೆ ಪರೀಕ್ಷಿಸಿದೆ ಎಂದು ಹೇಳುವ 'ಟೆಸ್ಟೆಡ್ ಅಪ್ ಟು' ಸಾಲಿಗೂ ಇದೇ ಮಾತು. ಅದನ್ನು ಏರಿಸಲು ಹೊಸ ಆವೃತ್ತಿ ಬಿಡಬೇಕಿಲ್ಲ, ಪರೀಕ್ಷಿಸಿ ಎರಡೂ ಕಡೆ ಆ ಒಂದು ಸಾಲು ತಿದ್ದಿದರೆ ಸಾಕು. ತಿದ್ದದೆ ಬಿಟ್ಟು ಮೂರು ದೊಡ್ಡ ಆವೃತ್ತಿ ಕಳೆದರೆ ಪುಟದ ಮೇಲೆ ಎಚ್ಚರಿಕೆಯ ಸೂಚನೆ ಬರುತ್ತದೆ, ಆಗ "ಪ್ಲಗಿನ್ ಸತ್ತಿದೆಯಾ?" ಎಂದು ಕೇಳುವವರು ಶುರುವಾಗುತ್ತಾರೆ.

ಒಂದು ಭೇಟಿಯಲ್ಲಿ ಪ್ಲಗಿನ್‌ನ ಪರವಾನಗಿಯನ್ನು ಗಟ್ಟಿಯಾಗಿ ಓದಿಸಲಾಯಿತು. ಮುಕ್ತ ತಂತ್ರಾಂಶಗಳ ಪರವಾನಗಿಯಾದ ಜಿಪಿಎಲ್‌ನ ಎರಡನೇ ಆವೃತ್ತಿಯ 11 ಮತ್ತು 12ನೇ ಕಲಮುಗಳು: ಯಾವ ಖಾತ್ರಿಯೂ ಇಲ್ಲ, ನಷ್ಟಕ್ಕೆ ಲೇಖಕರು ಹೊಣೆಯಲ್ಲ. ಹತ್ತು ವರ್ಷದಿಂದ ಪ್ರತಿ ಬಿಡುಗಡೆಯೊಂದಿಗೆ ತಾವೇ ಕಳಿಸುತ್ತಿದ್ದ ಆ ಪಠ್ಯವನ್ನು ಇವರು ತಮಗೆ ಅನ್ವಯಿಸುವ ಮಾತೆಂದು ಎಂದೂ ಓದಿರಲಿಲ್ಲ. ಓದಿ ಮುಗಿಸಿ ಬಹಳ ಹೊತ್ತು ಸುಮ್ಮನಿದ್ದು, "ಅಪ್ಪ ಇದನ್ನೇ ಬಿಟ್ಟಿ ಚಾಕರಿ ಅಂತಾರೆ" ಎಂದರು. ಮುಂದಿನ ಎರಡು ಭೇಟಿ ಅಪ್ಪನ ಆ ಮಾತಿನ ಸುತ್ತಲೇ ನಡೆದವು. ಆಫೀಸಿನಲ್ಲಿ ಯಾರೂ ಗುರುತಿಸದ ಕೆಲಸಗಾರ ಇಲ್ಲಿ ಇಪ್ಪತ್ತು ಸಾವಿರ ಸೈಟಿಗೆ ಬೇಕಾದವನು. ಬಿಡಲಾಗದ್ದು ಪ್ಲಗಿನ್ನನ್ನಲ್ಲ, ಆ ಬೇಕಾದವನೆಂಬ ಸ್ಥಾನವನ್ನು.

ಎಡವಿದ್ದು ವರ್ಡ್‌ಪ್ರೆಸ್‌ನ ಹೊಸ ದೊಡ್ಡ ಆವೃತ್ತಿ ಬಂದ ವಾರ. "ಸೈಟೇ ಬಿದ್ದುಹೋಗಿದೆ" ಎಂದು ಬರೆದ ಬಳಕೆದಾರರೊಬ್ಬರು ಅಡ್ಮಿನ್ ಪಾಸ್‌ವರ್ಡನ್ನೇ ಕಳಿಸಿದರು. ಇವರು ಒಳಹೋಗಿ ಬೆಳಗಿನ ಜಾವ ಮೂರರವರೆಗೆ ಹುಡುಕಿದರು. ತಪ್ಪು ಬೇರೊಂದು ಕ್ಯಾಶ್ (ಪುಟಗಳ ನಕಲು ಇಟ್ಟು ಸೈಟನ್ನು ವೇಗವಾಗಿಸುವ) ಪ್ಲಗಿನ್‌ನದು. ಬಯ್ಯುವುದರಿಂದ ಪ್ರಯೋಜನವಿಲ್ಲ, ಕ್ರಮ ಬೇಕಿತ್ತು. ವರ್ಡ್‌ಪ್ರೆಸ್‌ನ ಬೆಂಬಲ ವೇದಿಕೆಯ ನಿಯಮಗಳ ಪ್ರಕಾರ ಬಳಕೆದಾರರ ಲಾಗಿನ್ ಕೇಳುವಂತೆಯೇ ಇಲ್ಲ. ತಾನಾಗಿ ಕಳಿಸಿದರೂ ಬಳಸದೆ, ಕೂಡಲೇ ಪಾಸ್‌ವರ್ಡ್ ಬದಲಿಸಲು ಹೇಳಬೇಕು. "ಇಲ್ಲ" ಎನ್ನಲು ಕಷ್ಟಪಡುವವರಿಗೆ ಇಂಥ ನಿಯಮ ದೊಡ್ಡ ಆಸರೆ. ಹೀಗೊಂದು ಸಿದ್ಧ ಉತ್ತರ ಮಾಡಿಟ್ಟುಕೊಂಡರು: "ಟೂಲ್ಸ್‌ನಲ್ಲಿ ಸೈಟ್ ಹೆಲ್ತ್ ತೆರೆದು ಮಾಹಿತಿ ನಕಲಿಸಿ ಕಳಿಸಿ. ಹೆಲ್ತ್ ಚೆಕ್ ಪ್ಲಗಿನ್‌ನ ಟ್ರಬಲ್‌ಶೂಟಿಂಗ್ ಮೋಡ್‌ನಲ್ಲಿ ಬೇರೆಲ್ಲ ಪ್ಲಗಿನ್ ನಿಲ್ಲಿಸಿ, ಡೀಫಾಲ್ಟ್ ಥೀಮ್ ಹಾಕಿ ನೋಡಿ. ಆಗಲೂ ದೋಷವಿದ್ದರೆ ತಿಳಿಸಿ." ಆ ಮೋಡ್‌ನಲ್ಲಿ ಬದಲಾವಣೆ ಲಾಗಿನ್ ಆದ ಅಡ್ಮಿನ್‌ಗೆ ಮಾತ್ರ ಕಾಣುತ್ತದೆ, ಸೈಟಿಗೆ ಬರುವವರಿಗೆ ಏನೂ ತಿಳಿಯುವುದಿಲ್ಲ. ಬಹುಪಾಲು ಜನ ಎರಡನೇ ಹಂತದಲ್ಲೇ ಉತ್ತರ ಕಂಡುಕೊಳ್ಳುತ್ತಾರೆ. ಕೆಟ್ಟ ವಿಮರ್ಶೆಗಾದರೆ ಒಮ್ಮೆ ಓದಿ, ಒಂದು ದಿನ ಬಿಟ್ಟು, ಎರಡು ವಾಕ್ಯದ ಉತ್ತರ.

ಇನ್ನೊಂದು ಸಂಗತಿಯನ್ನು ಇವರು ಯೋಚಿಸಿಯೇ ಇರಲಿಲ್ಲ. ನೇಮಕಾತಿ ಪತ್ರದಲ್ಲಿ ಉದ್ಯೋಗಿ ಬರೆದ ಕೋಡ್ ಕಂಪನಿಗೆ ಸೇರುತ್ತದೆಂಬ ಷರತ್ತಿತ್ತು. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಪ್ಲಗಿನ್ ಮುಟ್ಟುವುದನ್ನು ಅಂದಿನಿಂದಲೇ ನಿಲ್ಲಿಸಿ, ಎಚ್‌ಆರ್‌ನಿಂದ ಲಿಖಿತ ಅನುಮತಿ ಕೇಳಲು ಹೇಳಲಾಯಿತು. ಬಂತು.

ಹೊರೆ ಹಂಚುವಾಗ ಅಧಿಕಾರವನ್ನು ತುಂಡು ಮಾಡಿ ಕೊಡಬೇಕು. ಪ್ಲಗಿನ್ ಪುಟದ ಅಡ್ವಾನ್ಸ್ಡ್ ವ್ಯೂನಲ್ಲಿ ಸಪೋರ್ಟ್ ರೆಪ್ ಮತ್ತು ಕಮಿಟರ್ ಎಂದು ಎರಡು ಪಾತ್ರಗಳಿವೆ. ಮೊದಲನೆಯವರು ಪ್ಲಗಿನ್ ಪರವಾಗಿ ಉತ್ತರಿಸಬಹುದು, ಕೋಡ್ ಮುಟ್ಟಲಾರರು; ಕಮಿಟರ್ ಕೋಡನ್ನೇ ಬದಲಿಸಬಹುದು. ಪದೇಪದೇ ಉತ್ತರಿಸಿ ನೆರವಾಗುತ್ತಿದ್ದ ಇಬ್ಬರನ್ನು ಸಪೋರ್ಟ್ ರೆಪ್ ಮಾಡಿದ್ದಾಯಿತು. ಅವರಲ್ಲೊಬ್ಬರು ಕಮಿಟ್ ಅಧಿಕಾರವನ್ನೂ ಕೇಳಿದ್ದಾರೆ. ಅದಕ್ಕೆ ಸಲಹೆ: ಅವರು ಕಳಿಸುವ ಪ್ಯಾಚುಗಳನ್ನು (ಕೋಡ್ ತಿದ್ದುಪಡಿಗಳನ್ನು) ಆರು ತಿಂಗಳು ಸಾಲುಸಾಲಾಗಿ ನೋಡಿ, ಆತುರಪಡಿಸಿದರೆ ಇನ್ನೂ ನಿಧಾನಿಸಿ, ನಿಮ್ಮ ಖಾತೆಯನ್ನು ಯಾವ ಕಾರಣಕ್ಕೂ ಹಂಚಿಕೊಳ್ಳಬೇಡಿ. 2024ರ ಅಕ್ಟೋಬರಿನಿಂದ ಕಮಿಟರುಗಳಿಗೆ ಎರಡು ಹಂತದ ದೃಢೀಕರಣ ಕಡ್ಡಾಯ, ಪ್ರತಿಯೊಬ್ಬರಿಗೂ ಅವರದೇ ಖಾತೆ ಇರಬೇಕು.

ಮೂರನೇ ತಿಂಗಳ ಕೊನೆಗೆ ಪಿಎಚ್‌ಕ್ಯು-9 ಅಂಕ 5. ವಾರಕ್ಕೆ ಐದಾರು ಗಂಟೆ ಕೆಲಸ, ಹೆಚ್ಚಿನದು ಕೋಡ್. ಅಪ್ಪನ ಮಾತು ಬದಲಾಗಿಲ್ಲ, ಬದಲಾಗುವಂತೆಯೂ ಕಾಣುವುದಿಲ್ಲ. ಕಮಿಟ್ ಕೊಡುವಂಥವರು ಈ ವರ್ಷದೊಳಗೆ ಸಿಗದಿದ್ದರೆ ರೀಡ್‌ಮಿಗೆ 'ಅಡಾಪ್ಟ್-ಮಿ' (ಯಾರಾದರೂ ವಹಿಸಿಕೊಳ್ಳಿ ಎಂಬ) ಟ್ಯಾಗ್ ಹಾಕಿ, ಭದ್ರತಾ ತಿದ್ದುಪಡಿ ಮಾತ್ರ ಮಾಡುತ್ತೇನೆಂದು ಬರೆಯುವುದೆಂದು ಗಂಡಹೆಂಡತಿ ಇಬ್ಬರೂ ಒಪ್ಪಿದ್ದಾರೆ. ಭೇಟಿಗಳು ಈಗ ತಿಂಗಳಿಗೊಮ್ಮೆ.