ತಿಂಗಳ ಸಂಬಳದಲ್ಲಿ ಏನೂ ಉಳಿಯುತ್ತಿಲ್ಲ. ಸಣ್ಣಪುಟ್ಟ ಖರ್ಚು ಹಿಡಿದರೆ ನಿಜವಾಗಿ ದುಡ್ಡು ಕೂಡುತ್ತಾ?

ದಾವಣಗೆರೆಯಲ್ಲಿ ಬಾಡಿಗೆ ಮನೆ, 30 ಸಾವಿರ ಸಂಬಳ, ಒಂದು ಮಗು, 25ನೇ ತಾರೀಖಿಗೆ ಕೈ ಖಾಲಿ ಅಂತ ಬರೆದಿದ್ದೀರಿ. ನಮ್ಮ ಮನೆಯೂ ಹೆಚ್ಚುಕಡಿಮೆ ಹಾಗೇ ಇತ್ತು. ನಮ್ಮದು ತುಮಕೂರು. ಮನೆಯವರು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು, ಸಂಬಳ ನಿಂತಿತು. ಎರಡೇ ವಾರಕ್ಕೆ ನಾನು ಅಣ್ಣನಿಗೆ ಫೋನ್ ಮಾಡಿ ಸಾಲ ಕೇಳಬೇಕಾಯಿತು. ಆ ಫೋನ್ ಮಾಡಿದ ಸಂಕಟ ಇವತ್ತಿಗೂ ಮರೆತಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಕೂಡುತ್ತದೆ. ಆದರೆ ಉಳಿಸಿದ ದುಡ್ಡು ಮನೆಯಲ್ಲೇ ಇದ್ದರೆ ಕೂಡುವುದಿಲ್ಲ. ಬೆಳಿಗ್ಗೆ ತರಕಾರಿಯಲ್ಲಿ ಚೌಕಾಸಿ ಮಾಡಿ ಉಳಿಸಿದ 40 ರೂಪಾಯಿ ಸಂಜೆ ಬೇಕರಿಗೆ ಹೋಗಿರುತ್ತದೆ. ನನಗೆ ವರ್ಷಗಟ್ಟಲೆ ಆದದ್ದು ಇದೇ.

ನಮ್ಮ ಅತ್ತೆ ಊರಲ್ಲಿದ್ದಾಗ ಒಂದು ರೂಢಿ ಇಟ್ಟುಕೊಂಡಿದ್ದರು. ಅನ್ನಕ್ಕೆ ಪಾವಿನಲ್ಲಿ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಮೂಲೆಯ ಮಡಿಕೆಗೆ ಹಾಕುವುದು. ಊಟಕ್ಕೆ ಕೂತವರಿಗೆ ಆ ಒಂದು ಹಿಡಿ ಕಡಿಮೆಯಾದದ್ದು ಗೊತ್ತೇ ಆಗುತ್ತಿರಲಿಲ್ಲ. ಅಕ್ಕಿ ಡಬ್ಬದ ತಳ ಕಂಡಾಗ ಮಡಿಕೆಯಲ್ಲಿ ಇನ್ನೆರಡು ದಿನಕ್ಕಾಗುವಷ್ಟು ಇರುತ್ತಿತ್ತು. ಅನ್ನ ಮಿಕ್ಕಿದರೆ ಎತ್ತಿಡೋಣ ಅಂತ ಅವರು ಕಾಯಲಿಲ್ಲ. ಒಲೆಗೆ ಇಡುವ ಮುಂಚೆಯೇ ತೆಗೆದಿಟ್ಟರು.

ನಾನು ದುಡ್ಡಿಗೂ ಅದನ್ನೇ ಮಾಡಿದೆ. ಅಂಗಡಿ ತೆರೆದು ಸಂಬಳ ಬಂದ ಕೂಡಲೇ, 2020ರ ಜುಲೈ ಮೊದಲ ವಾರ, ಪೋಸ್ಟ್ ಆಫೀಸಿನಲ್ಲಿ ಐದು ವರ್ಷದ ಆರ್‌ಡಿ, ಅಂದರೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿ ಖಾತೆ, ಮಾಡಿಸಿದೆ. ತಿಂಗಳಿಗೆ 1000 ರೂಪಾಯಿ. 15ರೊಳಗೆ ಕಟ್ಟಲೇಬೇಕು, ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ದಂಡ ಚಿಕ್ಕದೇ, ಆದರೂ ಆ ತಾರೀಖು ನನ್ನನ್ನು ಎಚ್ಚರವಾಗಿಟ್ಟಿತು. ಆಗ ಬಡ್ಡಿ ಶೇ. 5.8 ಇತ್ತು. 60 ಸಾವಿರ ಕಟ್ಟಿದ್ದಕ್ಕೆ 2025ರಲ್ಲಿ 69 ಸಾವಿರ ಚಿಲ್ಲರೆ ಬಂತು. 2023ರ ಅಕ್ಟೋಬರ್‌ನಲ್ಲಿ ಹೊಸ ಖಾತೆಗಳ ಬಡ್ಡಿ 6.7ಕ್ಕೆ ಏರಿತು. ಆ ಲೆಕ್ಕದಲ್ಲಿ ಅದೇ ಸಾವಿರ ರೂಪಾಯಿಗೆ 71 ಸಾವಿರ ದಾಟುತ್ತದೆ. ಪರಿಚಯದವರ ಚೀಟಿಗೆ ಮಾತ್ರ ಹಾಕಬೇಡಿ. ನಮ್ಮ ಬೀದಿಯಲ್ಲಿ ಚೀಟಿ ನಡೆಸುತ್ತಿದ್ದವರು ರಾತ್ರೋರಾತ್ರಿ ಮನೆ ಖಾಲಿ ಮಾಡಿದಾಗ ನನ್ನದೂ 18 ಸಾವಿರ ಹೋಯಿತು.

ಆ ಸಾವಿರ ಮೊದಲೇ ಹೋದ ಮೇಲೆ ಉಳಿದದ್ದರಲ್ಲಿ ತಿಂಗಳು ತಳ್ಳಬೇಕಲ್ವಾ? ಸಣ್ಣ ಅಭ್ಯಾಸಗಳು ಕೆಲಸಕ್ಕೆ ಬರುವುದು ಅಲ್ಲಿ. ನಾನು ಹೊಸ ಗ್ಯಾಸ್ ಸಿಲಿಂಡರ್ ಹಾಕಿದ ದಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ಸೊನ್ನೆ ಸುತ್ತುತ್ತೇನೆ. ಮೊದಲು ಒಂದು ಸೊನ್ನೆಯಿಂದ ಇನ್ನೊಂದಕ್ಕೆ 38 ದಿನ ಇತ್ತು. ಬೇಳೆ ಅರ್ಧ ಗಂಟೆ ನೆನೆಸಿಡುವುದು, ಕುಕ್ಕರ್ ಒಂದು ಸಲ ಕೂಗಿದ ಮೇಲೆ ಉರಿ ಸಣ್ಣ ಮಾಡುವುದು, ಸಾರು ಒಮ್ಮೆಗೇ ಮಾಡಿ ಪದೇಪದೇ ಬಿಸಿ ಮಾಡದಿರುವುದು, ಇಷ್ಟೇ ಮಾಡಿದ್ದು. ಈಗ 50 ದಿನ ಬರುತ್ತಿದೆ.

ಕರೆಂಟಿನ ವಿಷಯದಲ್ಲಿ, ಗೃಹಜ್ಯೋತಿ ಇದೆ ಅಂತ ಸುಮ್ನಿರಬೇಡಿ. ಎಲ್ಲರಿಗೂ 200 ಯೂನಿಟ್ ಫ್ರೀ ಅಂದುಕೊಂಡವರೇ ಜಾಸ್ತಿ. ಮನೆಯ ಹಿಂದಿನ ಬಳಕೆ ನೋಡಿ ಒಂದು ಮಿತಿ ಹಾಕಿರುತ್ತಾರೆ. ಅದನ್ನು ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. 2000 ವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಹೋಯಿತು. ಒಬ್ಬರಾದ ಕೂಡಲೇ ಇನ್ನೊಬ್ಬರು ಸ್ನಾನಕ್ಕೆ ಹೋದರೆ ನೀರು ಮತ್ತೆ ಮತ್ತೆ ಕಾಯಿಸುವುದು ತಪ್ಪುತ್ತದೆ.

ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ದುಡ್ಡು ಕಣ್ಣಿಗೆ ಕಾಣುವುದಿಲ್ಲ. ಒಂದು ಭಾನುವಾರ ನಾವಿಬ್ಬರೂ ಕೂತು ಹಿಂದಿನ ತಿಂಗಳದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿದೆವು. 20, 35, 60, ಹೀಗೇ ಸೇರಿ 1,900 ಆಗಿತ್ತು. ಯಾರೂ ಯಾರನ್ನೂ ಬಯ್ಯಲಿಲ್ಲ. ಮುಂದಿನ ತಿಂಗಳು ತಾನಾಗಿಯೇ ಅರ್ಧಕ್ಕೆ ಇಳಿಯಿತು.

ಒಂದು ಮಾತು ದಯವಿಟ್ಟು ಕೇಳಿ. ಹಾಲು, ಮೊಟ್ಟೆ, ಹಣ್ಣು, ಮಾತ್ರೆ, ಇವನ್ನು ಮುಟ್ಟಬೇಡಿ. ನಾನು ಒಮ್ಮೆ ಅರ್ಧ ಲೀಟರ್ ಹಾಲು ನಿಲ್ಲಿಸಿದೆ. ನಾಲ್ಕೈದು ದಿನ ಆದ ಮೇಲೆ ನೋಡಿದರೆ ಅತ್ತೆ ತಮ್ಮ ಲೋಟದ ಹಾಲನ್ನು ಸದ್ದಿಲ್ಲದೆ ಮಗಳ ಲೋಟಕ್ಕೆ ಬಗ್ಗಿಸುತ್ತಿದ್ದರು. ಮರುದಿನವೇ ಮತ್ತೆ ಹಾಕಿಸಿಕೊಂಡೆ.

ನೀವು ಒಮ್ಮೆಗೇ ಸಾವಿರಕ್ಕೆ ಹೋಗಬೇಡಿ. ಆರ್‌ಡಿ 100 ರೂಪಾಯಿಯಿಂದಲೇ ಶುರುವಾಗುತ್ತದೆ. ಆಧಾರ್, ಪ್ಯಾನ್, ಫೋಟೊ ತೆಗೆದುಕೊಂಡು ಸಂಬಳ ಬಂದ ದಿನವೇ ಹೋಗಿ 500ಕ್ಕೆ ಮಾಡಿಸಿ. ಆರು ತಿಂಗಳು ಕಷ್ಟ ಅನ್ನಿಸದೆ ಕಟ್ಟಿದಿರಿ ಅಂದರೆ ಇನ್ನೊಂದು ಖಾತೆ ತೆರೆಯಿರಿ.