ಶರತ್ಕಾಲದ ವಲಸೆ: ಪಟ್ಟಿಗಿಂತ ಮೊದಲು ಗಾಳಿಯನ್ನು ನೋಡಿ

ಪ್ರಶ್ನೆ: ಸೆಪ್ಟೆಂಬರ್ ಕೊನೆಯಲ್ಲಿ ನಾವು ಮೂವರು ಗೆಳೆಯರು ಒಂದು ವಾರ ಕಾರಿನಲ್ಲಿ ಕರಾವಳಿಯುದ್ದಕ್ಕೂ ಸಾಗುತ್ತಾ ವಲಸೆ ಹಕ್ಕಿಗಳನ್ನು ನೋಡಬೇಕೆಂದಿದ್ದೇವೆ. ದಿನಕ್ಕೆರಡು ತಾಣಗಳಂತೆ ಪಟ್ಟಿ ಮಾಡಿದ್ದೇವೆ. ಕಳೆದ ವರ್ಷ ಹೀಗೆಯೇ ಹೋದಾಗ ಹೆಸರುವಾಸಿ ತಾಣವೊಂದರಲ್ಲಿ ಮಳೆಯ ನಡುವೆ ಇಡೀ ಬೆಳಗ್ಗೆ ಕಾದರೂ ಬೆರಳೆಣಿಕೆಯ ಹಕ್ಕಿಗಳಷ್ಟೇ ಕಂಡವು. ನಾವು ಹೊರಟ ಮರುದಿನ ಅಲ್ಲಿ ಸಾವಿರಾರು ಹಕ್ಕಿಗಳು ಹಾದುಹೋದವಂತೆ. ಈ ಸಲ ಹಾಗಾಗದಂತೆ ಏನು ಮಾಡಬೇಕು?

ಉತ್ತರ: ನಿಮ್ಮ ಪಟ್ಟಿಯಲ್ಲಿ ತಪ್ಪಿಲ್ಲ, ಪ್ರತಿ ತಾಣಕ್ಕೂ ಮೊದಲೇ ದಿನಾಂಕ ಗೊತ್ತುಮಾಡಿರುವುದೇ ತೊಡಕು. ಉತ್ತರ ಗೋಳಾರ್ಧದಲ್ಲಿ ಶರತ್ಕಾಲದ ಹಕ್ಕಿಗಳು ದಕ್ಷಿಣಕ್ಕೆ ಹೊರಟಿರುತ್ತವೆ. ಎದುರುಗಾಳಿ ಅಥವಾ ಮಳೆ ಇದ್ದಾಗ ಅವು ಇದ್ದಲ್ಲೇ ಉಳಿದು ಮೇಯುತ್ತವೆ. ಮಳೆ ನಿಂತು, ಆಕಾಶ ತಿಳಿಯಾಗಿ, ಉತ್ತರದ ತಣ್ಣನೆಯ ಗಾಳಿ ಬೀಸತೊಡಗಿದ ಕೂಡಲೇ ಅಷ್ಟು ದಿನ ತಡೆದು ನಿಂತಿದ್ದವೆಲ್ಲ ಒಟ್ಟಿಗೆ ಹೊರಡುತ್ತವೆ. ನೀವು ಮಳೆಯಲ್ಲಿ ಕಾದಿರಿ, ಅದು ಬಿಟ್ಟ ಮೇಲೆ ಹೊರಟುಬಂದಿರಿ. ಆದ್ದರಿಂದ ಮೊದಲ ಎರಡು ರಾತ್ರಿಗಳಿಗೆ ಮಾತ್ರ ವಸತಿ ಕಾಯ್ದಿರಿಸಿ, ಉಳಿದ ದಿನಗಳನ್ನು ಹವಾಮಾನ ಮುನ್ಸೂಚನೆಗೆ ಬಿಡಿ. ಅದು ಸಾಧ್ಯವಾಗದಿದ್ದರೆ ಪೊದೆಗಾಡು, ಎತ್ತರದ ಬೆಟ್ಟದಂಚು, ಅಳಿವೆ ಈ ಮೂರೂ ಒಂದೆರಡು ಗಂಟೆಯ ದಾರಿಯಲ್ಲಿರುವ ಒಂದೇ ಊರಿನಲ್ಲಿ ತಂಗಿ. ಅಮೆರಿಕದಲ್ಲಿ ಸಂಚರಿಸುವವರಿಗೆ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ 'ಬರ್ಡ್‌ಕ್ಯಾಸ್ಟ್' ದೊಡ್ಡ ನೆರವು. ಹವಾಮಾನ ರೇಡಾರ್‌ಗಳು ಹಾರುವ ಹಕ್ಕಿಗಳನ್ನೂ ಗುರುತಿಸುವುದರಿಂದ, ಯಾವ ರಾತ್ರಿ ವಲಸೆ ಜೋರಾಗಿರಬಹುದೆಂದು ಅದು ಮುಂಚಿತವಾಗಿ ತಿಳಿಸುತ್ತದೆ.

ಎಲ್ಲ ಹಕ್ಕಿಗಳೂ ಒಂದೇ ಹೊತ್ತಿಗೆ ಸಿಗುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ. ಹದ್ದು, ಗಿಡುಗಗಳಂಥ ಬೇಟೆಹಕ್ಕಿಗಳಲ್ಲಿ ಹೆಚ್ಚಿನವು, ನೆಲ ಕಾದು ಮೇಲೇಳುವ ಬಿಸಿಗಾಳಿಯಲ್ಲಿ ಸುತ್ತುತ್ತಾ ಎತ್ತರಕ್ಕೇರಿ, ಅಲ್ಲಿಂದ ರೆಕ್ಕೆ ಬಡಿಯದೆ ಮುಂದಕ್ಕೆ ಜಾರುತ್ತವೆ. ನೀರಿನ ಮೇಲೆ ಅಂಥ ಗಾಳಿ ಸರಿಯಾಗಿ ಏಳುವುದಿಲ್ಲವಾದ್ದರಿಂದ ಅವು ವಿಶಾಲವಾದ ಕಡಲನ್ನು ದಾಟಲು ಹಿಂಜರಿದು, ಭೂಮಿ ಚಾಚಿಕೊಂಡಿರುವ ತುದಿಗಳಲ್ಲಿ ಮತ್ತು ಕಿರಿದಾದ ಜಲಸಂಧಿಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ಸ್ವೀಡನ್ನಿನ ಫಾಲ್‌ಸ್ಟೆರ್ಬೊ, ಸುಮಾರು 14 ಕಿಲೋಮೀಟರ್ ಅಗಲದ ಜಿಬ್ರಾಲ್ಟರ್ ಜಲಸಂಧಿಯ ದಡದಲ್ಲಿರುವ ಸ್ಪೇನಿನ ಟರೀಫಾ, ಅಮೆರಿಕದ ಕೇಪ್ ಮೇ ಹೆಸರಾಗಿರುವುದು ಇದಕ್ಕಾಗಿಯೇ. ಕಪ್ಪು ಸಮುದ್ರಕ್ಕೂ ಪರ್ವತಗಳಿಗೂ ನಡುವೆ ಇಕ್ಕಟ್ಟಿನಲ್ಲಿರುವ ಜಾರ್ಜಿಯಾ ದೇಶದ ಬಟೂಮಿಯಲ್ಲಿ ಒಂದೇ ಶರತ್ಕಾಲದಲ್ಲಿ ಹತ್ತು ಲಕ್ಷಕ್ಕೂ ಮೀರಿ ಬೇಟೆಹಕ್ಕಿಗಳನ್ನು ಎಣಿಸಿದ್ದಾರೆ. ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಇವಕ್ಕಿಂತ ಸ್ವಲ್ಪ ಬೇರೆ. ಅಲ್ಲಿ ಬೆಟ್ಟದ ಸಾಲಿಗೆ ಬಡಿದು ಮೇಲೇಳುವ ಗಾಳಿಯೂ ಹಕ್ಕಿಗಳನ್ನು ಎತ್ತಿ ಸಾಗಿಸುತ್ತದೆ. ಒಂದು ಕಾಲಕ್ಕೆ ಬಂದೂಕಿನವರು ಕಾದು ಕೂರುತ್ತಿದ್ದ ಆ ಬೆಟ್ಟವನ್ನು 1934ರಲ್ಲಿ ರೋಸಲಿ ಎಡ್ಜ್ ಎಂಬ ಮಹಿಳೆ ರಕ್ಷಿತ ತಾಣವಾಗಿಸಿದರು. ಇಂಥ ಜಾಗಗಳಿಗೆ ನಸುಕಿನಲ್ಲೇ ಓಡಬೇಕಾಗಿಲ್ಲ, ಬಿಸಿಲೇರಿದ ಮೇಲೆ ತಲುಪಿದರೆ ಸಾಕು.

ನಸುಕಿನ ಹೊತ್ತನ್ನು ಸಣ್ಣ ಹಕ್ಕಿಗಳಿಗೆ ಮೀಸಲಿಡಿ. ಹಾಡುಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿಯಿಡೀ ಹಾರಿ ಬೆಳಕು ಹರಿಯುವಾಗ ಕಡಲಂಚಿನ ಪೊದೆಗಳಿಗೆ ಇಳಿಯುತ್ತವೆ. ಹಾಗೆ ಇಳಿದ ಉಲಿಯಕ್ಕಿಯೊಂದು ನಿಮ್ಮಿಂದ ನಾಲ್ಕಾರು ಅಡಿ ದೂರದಲ್ಲೇ ತಲೆಕೆಳಗಾಗಿ ಜೋತು, ಎಲೆಯ ಅಡಿಯಿಂದ ಹುಳುವನ್ನು ಕಿತ್ತು ನುಂಗಿ, ನಿಮ್ಮತ್ತ ನೋಡದೆಯೇ ಮುಂದಿನ ಎಲೆಗೆ ಹಾರುತ್ತದೆ. ಅದು ಸಲಿಗೆಯಲ್ಲ, ಹಸಿವು. ಸುಮಾರು 12 ಗ್ರಾಂ ತೂಗುವ ಬ್ಲ್ಯಾಕ್‌ಪೋಲ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಈಶಾನ್ಯ ಅಮೆರಿಕದ ಕರಾವಳಿಯಿಂದ ಕೆರಿಬಿಯನ್ ದ್ವೀಪಗಳವರೆಗೆ ಎರಡು ಮೂರು ದಿನ ಎಲ್ಲೂ ಇಳಿಯದೆ ಅಟ್ಲಾಂಟಿಕ್ ಮೇಲೆ ಹಾರುತ್ತದೆಂಬುದನ್ನು, ಬೆನ್ನಿಗೆ ಕಟ್ಟಿದ ಕಿರು ಉಪಕರಣಗಳ ಮೂಲಕ 2015ರಲ್ಲಿ ಖಚಿತಪಡಿಸಲಾಯಿತು. ಅದಕ್ಕೆ ಮುನ್ನ ಅದು ತಿಂದು ತಿಂದು ಮೈತೂಕವನ್ನು ಹೆಚ್ಚುಕಡಿಮೆ ಇಮ್ಮಡಿಯಾಗಿಸಿಕೊಂಡಿರುತ್ತದೆ. ಇಂಥ ಹಕ್ಕಿಗೆ ಮೇಯುವ ಪ್ರತಿ ನಿಮಿಷವೂ ಮುಖ್ಯವಾದ್ದರಿಂದ, ಮೊಬೈಲಿನಲ್ಲಿ ಕೂಗು ಹಾಕಿ ಅದನ್ನು ಹತ್ತಿರ ಕರೆಯಬೇಡಿ. ಒಳ್ಳೆಯ ಚಿತ್ರ ಸಿಗುತ್ತದೆಂಬುದು ಅದಕ್ಕೆ ಸಮರ್ಥನೆಯಾಗಲಾರದು.

ಅಳಿವೆಯ ಹಕ್ಕಿಗಳಿಗೆ ಗಡಿಯಾರಕ್ಕಿಂತ ಭರತ ಇಳಿತದ ಪಟ್ಟಿಯೇ ಗತಿ. ನೀರು ಪೂರ್ತಿ ಇಳಿದಾಗ ಅವು ಕೆಸರಿನ ದೂರದಂಚಿಗೆ ಚದುರಿ ಚುಕ್ಕಿಗಳಾಗಿಬಿಡುತ್ತವೆ. ಭರತದ ತುದಿಗೆ ಎರಡು ಗಂಟೆ ಮುಂಚೆ ಹೋಗಿ ಸುಮ್ಮನೆ ಕುಳಿತರೆ ಏರುವ ನೀರೇ ಅವುಗಳನ್ನು ನಿಮ್ಮತ್ತ ದೂಡುತ್ತದೆ.

ಪ್ರಶ್ನೆ: ಶರತ್ಕಾಲದ ಕಡಲಂಚಿನ ಹಕ್ಕಿಗಳೆಲ್ಲ ಬೂದು ಬಣ್ಣದಲ್ಲಿ ಒಂದೇ ರೀತಿ ಕಾಣುತ್ತವೆ. ಗುರುತಿಸುವುದು ಹೇಗೆ?

ಉತ್ತರ: ಜಾತಿಗಿಂತ ಮೊದಲು ವಯಸ್ಸನ್ನು ಗುರುತಿಸಿ. ಆ ವರ್ಷ ಹುಟ್ಟಿದ ಮರಿಯ ಬೆನ್ನಿನ ಗರಿಗಳೆಲ್ಲ ಹೊಸವು. ಪ್ರತಿ ಗರಿಗೂ ತೆಳುಬಣ್ಣದ ಅಂಚಿದ್ದು ಮೀನಿನ ಹುರುಪೆಗಳಂತೆ ಸಾಲಾಗಿ ಕಾಣುತ್ತವೆ. ಬೆಳೆದ ಹಕ್ಕಿಯ ಗರಿಗಳು ಸವೆದು, ಬೇಸಿಗೆಯ ಬಣ್ಣ ಅಲ್ಲಲ್ಲಿ ಉಳಿದಿರುತ್ತದೆ. ಬೆಳೆದವು ಜುಲೈನಿಂದಲೇ ಹೊರಡುತ್ತವೆ, ಮರಿಗಳು ತಡವಾಗಿ ಬರುತ್ತವೆ. ಹಾಗಾಗಿ ಸೆಪ್ಟೆಂಬರ್ ಕೊನೆಯಲ್ಲಿ ನಿಮಗೆ ಮರಿಗಳೇ ಹೆಚ್ಚಾಗಿ ಸಿಕ್ಕಾವು. ಆನಂತರ ಕೊಕ್ಕಿನ ಉದ್ದ ಮತ್ತು ಬಾಗು, ಕಾಲಿನ ಬಣ್ಣ, ಮೇಯುವ ರೀತಿಯನ್ನು ಗಮನಿಸಿ. ಕಾರಿನೊಳಗೆ ಕುಳಿತೇ ನೋಡುವುದು ಉತ್ತಮ, ಏಕೆಂದರೆ ನಡೆದುಬರುವ ಮನುಷ್ಯನಿಗೆ ಹೆದರುವಷ್ಟು ಹಕ್ಕಿಗಳು ನಿಂತ ಕಾರಿಗೆ ಹೆದರುವುದಿಲ್ಲ. ಆದರೆ ಎಂಜಿನ್ ನಿಲ್ಲಿಸಿ. ಇಲ್ಲವಾದರೆ ಸ್ಪಾಟಿಂಗ್ ಸ್ಕೋಪಿನಲ್ಲಿ, ಅಂದರೆ ಹಕ್ಕಿ ನೋಡುವ ಸಣ್ಣ ದೂರದರ್ಶಕದಲ್ಲಿ, ದೃಶ್ಯ ನಡುಗುತ್ತದೆ. ಬಿಸಿಲು ಬೆನ್ನ ಹಿಂದೆ ಬರುವಂತೆ, ರಸ್ತೆಯಿಂದ ಪೂರ್ತಿ ಹೊರಗೆ ಕಾರು ನಿಲ್ಲಿಸಿ, ಮತ್ತು ಓಡಿಸುವವರು ಓಡಿಸುವಷ್ಟು ಹೊತ್ತು ಹಕ್ಕಿಗಳನ್ನು ಉಳಿದಿಬ್ಬರಿಗೆ ಬಿಟ್ಟುಕೊಡಲಿ.