ಮಲೆನಾಡಿನ ಮನೆಯ ಹೋಂ ಥಿಯೇಟರ್‌ಗೆ ಪವರ್ ಕಂಡಿಷನರ್ ಒಂದೇ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಗ್ರಹಿಸಿದ್ದು ಹೀಗೆ. ಹೊಸನಗರದ ಬಳಿ ತೋಟದ ನಡುವೆ ಮನೆ. 55 ಇಂಚಿನ ಟಿ.ವಿ., ಎ.ವಿ. ರಿಸೀವರ್ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ), ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್ ಹೊಸದಾಗಿ ಕೂಡಿಸಿದ್ದೀರಿ; ಹಳೆಯ ಟಿ.ವಿ.ಯ ಎಚ್‌ಡಿಎಂಐ ಪೋರ್ಟ್‌ಗಳು ಕಳೆದ ಮೇ ತಿಂಗಳ ಸಿಡಿಲಿಗೆ ಹೋಗಿದ್ದವು. ಈಗ ಅಂಗಡಿಯವರು 35,000 ರೂಪಾಯಿಯ ಪವರ್ ಕಂಡಿಷನರ್ ಒಂದನ್ನು ಹಾಕಿಸಿಬಿಟ್ಟರೆ ಮತ್ತೇನೂ ಬೇಡ ಎನ್ನುತ್ತಿದ್ದಾರೆ. ಶಿವಮೊಗ್ಗದಲ್ಲಿ ಟಿ.ವಿ. ಮತ್ತು ಆಂಪ್ಲಿಫೈಯರ್ ರಿಪೇರಿ ಮಾಡುವುದೇ ನನ್ನ ಕಸುಬಾದ್ದರಿಂದ ಸುಟ್ಟುಹೋದ ಬೋರ್ಡುಗಳ ಕಡೆಯಿಂದ ಈ ಪ್ರಶ್ನೆಗೆ ಉತ್ತರಿಸುತ್ತೇನೆ. ಸದ್ಯಕ್ಕೆ ಆ ಕಂಡಿಷನರ್ ಬೇಡ. ಆ ಹಣವನ್ನು ಮೊದಲು ನಿಮ್ಮ ಮೀಟರ್ ಬೋರ್ಡಿನ ಬಳಿ ಖರ್ಚು ಮಾಡಿ, ಉಳಿದದ್ದರಲ್ಲಿ ಒಂದು ಒಳ್ಳೆಯ ಸ್ಟೆಬಿಲೈಜರ್ ಕೊಳ್ಳಿ.

ಕಂಡಿಷನರ್ ಒಳಗೆ ಏನಿರುತ್ತದೆ ಎಂಬುದನ್ನು ತಿಳಿದರೆ ಹೀಗೇಕೆ ಹೇಳುತ್ತಿದ್ದೇನೆ ಎಂಬುದು ಸ್ಪಷ್ಟವಾಗುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ಕಾಯಿಲ್ ಮತ್ತು ಕೆಪಾಸಿಟರ್‌ಗಳ ಫಿಲ್ಟರ್ ಒಂದು. ಮೋಟಾರು, ಎಲ್‌ಇಡಿ ಬಲ್ಬು, ಚಾರ್ಜರ್‌ಗಳು ಲೈನಿಗೆ ಬಿಡುವ ಹೆಚ್ಚು ಆವರ್ತನದ ಗದ್ದಲವನ್ನು ಅದು ತಗ್ಗಿಸುತ್ತದೆ. ಇನ್ನೊಂದು ಸರ್ಜ್ (ಕ್ಷಣಕಾಲ ಏರಿಬರುವ ವೋಲ್ಟೇಜಿನ ಹೊಡೆತ) ತಡೆಯುವ ಭಾಗ. ಅಲ್ಲಿ ಸಾಮಾನ್ಯವಾಗಿ ಕಾಣುವುದು ಎಂಓವಿ ಎಂಬ, ಎರಡು ಕಾಲಿನ, ನಾಣ್ಯದಷ್ಟು ಅಗಲದ ಬಿಲ್ಲೆ. ನಮ್ಮ 230 ವೋಲ್ಟ್ ಲೈನಿಗೆ ಹಾಕುವ ಬಿಲ್ಲೆಯ ಮೇಲೆ ಹಲವು ವೇಳೆ 431ಕೆ ಎಂದು ಅಚ್ಚಾಗಿರುತ್ತದೆ. ಅದು ಸತತವಾಗಿ ತಾಳುವುದು 275 ವೋಲ್ಟ್‌ವರೆಗೆ. ಅದಕ್ಕಿಂತ ಬಹಳ ಮೇಲೆ, ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಕಾಲ ಬಂದುಹೋಗುವ ಹೊಡೆತವನ್ನು ಅದು ತನ್ನ ಮೂಲಕ ಹರಿಸಿಕೊಂಡು ಉಪಕರಣವನ್ನು ಉಳಿಸುತ್ತದೆ. ಆದರೆ ಪ್ರತಿ ದೊಡ್ಡ ಹೊಡೆತಕ್ಕೂ ಅದು ಸ್ವಲ್ಪ ಸ್ವಲ್ಪ ಸವೆಯುತ್ತದೆ. ನನ್ನ ಬೆಂಚಿಗೆ ಬಂದ ಸ್ಪೈಕ್ ಗಾರ್ಡ್‌ಗಳನ್ನು (ಇದೇ ಬಿಲ್ಲೆ ಇರುವ ಪ್ಲಗ್ ಬೋರ್ಡುಗಳನ್ನು) ಬಿಚ್ಚಿದಾಗ, ಬಿಲ್ಲೆ ಸೀಳಿ ಅರ್ಧ ಹಾರಿಹೋಗಿ, ಸುತ್ತಲಿನ ಪ್ಲಾಸ್ಟಿಕ್ ಕಪ್ಪಾಗಿ ಕರಗಿದ್ದರೂ ಹೊರಗಿನ ಕೆಂಪು ದೀಪ ಮಾತ್ರ ಸುಖವಾಗಿ ಉರಿಯುತ್ತಿದ್ದುದನ್ನು ಕಂಡಿದ್ದೇನೆ. ಆ ದೀಪ ಕರೆಂಟ್ ಇದೆ ಎಂದಷ್ಟೇ ಹೇಳುತ್ತದೆ, ರಕ್ಷಣೆ ಇದೆ ಎಂದಲ್ಲ. ರಕ್ಷಣೆಯ ಸ್ಥಿತಿಗೆ ಬೇರೆ ಸೂಚಕ ಇಲ್ಲದ ಪೆಟ್ಟಿಗೆಯನ್ನು ಎಷ್ಟೇ ಬೆಲೆಯದಾದರೂ ಕೊಳ್ಳಬೇಡಿ.

ಈಗ ನಮ್ಮ ಕಡೆ ಉಪಕರಣಗಳನ್ನು ಕೊಲ್ಲುವುದು ಯಾವುದು ಎಂದು ನೋಡಿ. ಲೈನಿನ ಗದ್ದಲದಿಂದ ಸತ್ತ ರಿಸೀವರ್ ನನ್ನ ಕೈಗೆ ಬಂದಿಲ್ಲ. ಬರುವುವು ನ್ಯೂಟ್ರಲ್ (ಕರೆಂಟ್ ಮರಳಿ ಹೋಗುವ ತಂತಿ) ಕಡಿದು ಸತ್ತವು, ಲೋ ವೋಲ್ಟೇಜಿನಲ್ಲಿ ಬಳಲಿದವು ಮತ್ತು ಸಿಡಿಲು ಹೊಡೆದವು. ಈ ಮೂರಕ್ಕೂ ಮದ್ದು ಬೇರೆ ಬೇರೆ.

ನ್ಯೂಟ್ರಲ್ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಇದರ ಬಗ್ಗೆ ಜನ ಯೋಚಿಸುವುದೇ ಕಡಿಮೆ. ಟಿ.ಸಿ.ಯಿಂದ (ಊರಿನ ಟ್ರಾನ್ಸ್‌ಫಾರ್ಮರ್‌ನಿಂದ) ಬರುವ ಲೈನಿನ ಮೇಲೆ ಮರದ ಕೊಂಬೆ ಬಿದ್ದು ನ್ಯೂಟ್ರಲ್ ತಂತಿಯೊಂದೇ ಕಡಿದರೆ, ಬೇರೆ ಬೇರೆ ಫೇಸಿನಲ್ಲಿರುವ ಮನೆಗಳು ಒಂದರ ಬಾಲಕ್ಕೆ ಒಂದು ಕಟ್ಟಿದಂತೆ ಎರಡು ಫೇಸುಗಳ ನಡುವಿನ 400 ವೋಲ್ಟ್‌ಗೆ ಸಿಕ್ಕಿಕೊಳ್ಳುತ್ತವೆ. ಆಗ ಕಡಿಮೆ ಲೋಡ್ ಇರುವ ಮನೆಗೆ ಹೆಚ್ಚು ವೋಲ್ಟೇಜ್ ಬರುತ್ತದೆ. ರಾತ್ರಿ ಎರಡು ಬಲ್ಬು ಮತ್ತು ಟಿ.ವಿ. ಮಾತ್ರ ಹಚ್ಚಿಕೊಂಡು ಕುಳಿತವರ ಮನೆಯಲ್ಲಿ ಬಲ್ಬು ಕಣ್ಣು ಕೋರೈಸುವಂತೆ ಬೆಳಗಿ, ಫ್ಯಾನು ಎಂದೂ ಇಲ್ಲದ ವೇಗದಲ್ಲಿ ತಿರುಗತೊಡಗಿದರೆ ಅದೇ ಲಕ್ಷಣ. ಮರುಯೋಚನೆ ಮಾಡದೆ ಮೇನ್ ಸ್ವಿಚ್ ಇಳಿಸಬೇಕು. ಈ ಅವಸ್ಥೆ ನಿಮಿಷಗಟ್ಟಲೆ ಇರಬಹುದು. ಕ್ಷಣಮಾತ್ರದ ಹೊಡೆತಕ್ಕೆಂದು ಮಾಡಿದ ಎಂಓವಿ ಬಿಲ್ಲೆ ಅಷ್ಟು ಹೊತ್ತು ತಾಳಲಾರದೆ ಕಾದು ಸುಡುತ್ತದೆ. ವೋಲ್ಟೇಜ್ ಮೀರಿದಾಗ ತಾನಾಗಿ ಲೈನ್ ಕಡಿಯುವ ವ್ಯವಸ್ಥೆ ಇಲ್ಲದ ಕಂಡಿಷನರ್ ಇಲ್ಲಿ ಪ್ರಯೋಜನಕ್ಕೆ ಬಾರದು. ಬೇಕಾದದ್ದು ಡಿ.ಬಿ. ಬಾಕ್ಸಿನಲ್ಲಿ (ಮನೆಯೊಳಗೆ ಲೈನ್ ಹಂಚುವ ಪೆಟ್ಟಿಗೆಯಲ್ಲಿ) ಎಂಸಿಬಿ ಎಂಬ ಸ್ವಿಚ್ಚುಗಳ ಪಕ್ಕದಲ್ಲೇ ಕೂರುವ, ಓವರ್ ವೋಲ್ಟೇಜ್ ಮತ್ತು ಅಂಡರ್ ವೋಲ್ಟೇಜ್ ಎರಡಕ್ಕೂ ಲೈನ್ ಕಡಿದು, ಸರಿಯಾದ ಮೇಲೆ ಕೆಲವು ನಿಮಿಷ ಕಾದು ತಾನೇ ಜೋಡಿಸುವ ಪ್ರೊಟೆಕ್ಟರ್. ಮೇಲಿನ ಮಿತಿಯನ್ನು 270ರ ಆಸುಪಾಸಿಗೆ, ಕೆಳಗಿನದನ್ನು 170ರ ಆಸುಪಾಸಿಗೆ ಇಡಿ. 440 ವೋಲ್ಟ್ ಬಂದರೂ ತನಗೆ ಏನೂ ಆಗುವುದಿಲ್ಲ ಎಂದು ಅದರ ಮೇಲೆ ಬರೆದಿರಬೇಕು. ಇಡೀ ಮನೆಯ ಲೋಡಿಗೆ ತಕ್ಕ ಆಂಪಿಯರ್ ನೋಡಿ ಕೊಂಡರೆ ಫ್ರಿಜ್ಜೂ ಉಳಿಯುತ್ತದೆ.

ಲೋ ವೋಲ್ಟೇಜ್ ಮಲೆನಾಡಿನವರಿಗೆ ಹೊಸದಲ್ಲ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳು, ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರಗಳು ಒಂದೇ ಹೊತ್ತಿಗೆ ನಡೆದಾಗ ಟಿ.ಸಿ.ಯಿಂದ ದೂರದ ಮನೆಗಳಲ್ಲಿ ವೋಲ್ಟೇಜ್ ಇಳಿಯುತ್ತದೆ. ನಿಮ್ಮ ಟಿ.ವಿ.ಯ ಹಿಂಭಾಗದಲ್ಲಿ 100–240 ವೋಲ್ಟ್ ಎಂದು ಬರೆದಿದ್ದರೆ ಅದು ಇದನ್ನು ಸಹಿಸಿಕೊಳ್ಳುತ್ತದೆ. ಆದರೆ ಅನೇಕ ಎ.ವಿ. ರಿಸೀವರ್‌ಗಳಲ್ಲಿ ಈಗಲೂ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅವು 230ಕ್ಕೇ ಮಾಡಿದವು. 170ಕ್ಕೆ ಇಳಿದರೆ ಜೋರಾದ ದೃಶ್ಯಗಳಲ್ಲಿ ದನಿ ಒಡೆಯುತ್ತದೆ, ಒಮ್ಮೊಮ್ಮೆ ರಿಲೇ ಟಕ್ಕೆಂದು ಬಿಟ್ಟುಕೊಂಡು ಸೆಟ್ಟೇ ಆಫ್ ಆಗುತ್ತದೆ. ಇದಕ್ಕೆ ಸ್ಟೆಬಿಲೈಜರ್ ಬೇಕು. ಟಿ.ವಿ.ಗೆಂದು ಮಾರುವ ಎರಡು ಮೂರು ಆಂಪಿಯರ್‌ನ ಸಣ್ಣ ಸ್ಟೆಬಿಲೈಜರ್‌ಗೆ ರಿಸೀವರ್ ಮತ್ತು ಸಬ್‌ವೂಫರ್ ಎರಡನ್ನೂ ಹೊರಿಸಬಾರದು. ಎರಡರ ಹಿಂಭಾಗದ ವಾಟ್ ಕೂಡಿಸಿ ಅದರ ಒಂದೂವರೆ ಪಟ್ಟಾದರೂ ಇರುವಂಥದ್ದನ್ನು, ಹೈ ಕಟ್ (ವೋಲ್ಟೇಜ್ ಮೀರಿದರೆ ಲೈನ್ ಕಡಿಯುವುದು) ಮತ್ತು ಟೈಮ್ ಡಿಲೇ (ಸ್ವಲ್ಪ ಕಾದು ಜೋಡಿಸುವುದು) ಇರುವುದನ್ನು ಆರಿಸಿ. ಸರ್ವೋ ಮಾದರಿಯಾದರೆ ವೋಲ್ಟೇಜ್ ನಯವಾಗಿ ಬದಲಾಗುತ್ತದೆ. ರಿಲೇ ಮಾದರಿ ಮೆಟ್ಟಿಲು ಮೆಟ್ಟಿಲಾಗಿ ಬದಲಿಸುತ್ತದೆ, ಸದ್ದೂ ಮಾಡುತ್ತದೆ, ಆದರೆ ಅಗ್ಗ. ಮನೆಯ ಇನ್ವರ್ಟರ್ ಹಿಂದೆ ಇದನ್ನೆಲ್ಲ ಜೋಡಿಸಿದ್ದರೆ ಅದು ಸೈನ್ ವೇವ್ ಇನ್ವರ್ಟರ್ ಹೌದೇ ನೋಡಿ. ಸ್ಕ್ವೇರ್ ವೇವ್ ಆದರೆ ರಿಸೀವರ್‌ನ ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತದೆ. ಕರೆಂಟ್ ಇರುವಾಗ ಇನ್ವರ್ಟರ್ ಲೈನನ್ನು ಇದ್ದ ಹಾಗೆಯೇ ಒಳಗೆ ಬಿಡುವುದರಿಂದ ಅದನ್ನು ರಕ್ಷಣೆ ಎಂದು ಎಣಿಸಬೇಡಿ.

ಇನ್ನು ಸಿಡಿಲು. ನಿಮ್ಮ ಹಳೆಯ ಟಿ.ವಿ.ಯಲ್ಲಿ ಪವರ್ ಸಪ್ಲೈ ಉಳಿದು ಎಚ್‌ಡಿಎಂಐ ಪೋರ್ಟ್‌ಗಳು ಮಾತ್ರ ಹೋದದ್ದನ್ನು ಗಮನಿಸಿ. ಹೊಡೆತ ಬಹುತೇಕ ಡಿಶ್‌ನ ಕೇಬಲ್ ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿ.ವಿ.ಗೆ ದಾಟಿರುತ್ತದೆ. ಪ್ಲಗ್ಗಿನ ಕಡೆ ಎಷ್ಟೇ ಬೆಲೆಯ ಕಂಡಿಷನರ್ ಇದ್ದಿದ್ದರೂ ಈ ದಾರಿ ತೆರೆದೇ ಇರುತ್ತಿತ್ತು. ಹತ್ತಿರದಲ್ಲಿ ಸಿಡಿಲು ಬಡಿದಾಗ ನೆಲದ ವೋಲ್ಟೇಜೇ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತದೆ. ಡಿಶ್ ಕಂಬ ಒಂದು ಕಡೆ ನೆಲಕ್ಕೆ ತಾಗಿ, ಮನೆಯ ಅರ್ಥಿಂಗ್ ಇನ್ನೊಂದು ಕಡೆ ಇದ್ದರೆ ಆ ಎರಡರ ನಡುವಿನ ವ್ಯತ್ಯಾಸವೆಲ್ಲ ನಿಮ್ಮ ಟಿ.ವಿ.ಯೊಳಗಿನಿಂದಲೇ ಹರಿಯುತ್ತದೆ. ಆದ್ದರಿಂದ ಡಿಶ್‌ನ ಕಂಬವನ್ನು ದಪ್ಪ ತಂತಿಯಲ್ಲಿ ಮನೆಯ ಮುಖ್ಯ ಅರ್ಥಿಂಗ್‌ಗೇ ಸೇರಿಸಬೇಕು, ಅದಕ್ಕೆಂದು ಬೇರೆ ಗುಂಡಿ ತೋಡಿ ಬಿಡಬಾರದು. ಕೇಬಲ್ ಒಳಬರುವಲ್ಲಿ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿ, ಅದನ್ನೂ ಅದೇ ಅರ್ಥಿಂಗ್‌ಗೆ ಕೊಡಿ. 950ರಿಂದ 2150 ಮೆಗಾಹರ್ಟ್ಸ್‌ವರೆಗಿನ ಸಂಕೇತವನ್ನೂ ಎಲ್‌ಎನ್‌ಬಿಗೆ (ಡಿಶ್‌ನ ಮುಂದಿರುವ, ಸಂಕೇತ ಹಿಡಿಯುವ ಭಾಗಕ್ಕೆ) ಹೋಗುವ 13 ಮತ್ತು 18 ವೋಲ್ಟನ್ನೂ ಅದು ತಡೆಯದೆ ಬಿಡುವಂತಿರಬೇಕು. ಫೈಬರ್ ಇಂಟರ್ನೆಟ್ ಇದ್ದರೆ ಗಾಜಿನ ಎಳೆ ಕರೆಂಟ್ ಒಯ್ಯುವುದಿಲ್ಲ. ಆದರೆ ರೌಟರಿನಿಂದ ಟಿ.ವಿ.ಗೆ ಎಳೆದ ಲ್ಯಾನ್ ತಂತಿ ತಾಮ್ರದ್ದು, ವೈಫೈ ಸಾಲುತ್ತದಾದರೆ ಅದನ್ನು ತೆಗೆದುಬಿಡಿ.

ಲೈನಿನ ಕಡೆಯಿಂದ ಬರುವ ಹೊಡೆತಕ್ಕೆ ಡಿ.ಬಿ. ಬಾಕ್ಸಿನಲ್ಲಿ ಟೈಪ್ 2 ಎಸ್‌ಪಿಡಿ (ಡಿ.ಬಿ.ಯಲ್ಲಿ ಕೂರುವ ಸರ್ಜ್ ಪ್ರೊಟೆಕ್ಟರ್) ಹಾಕಿಸಿ. 40 ಕಿಲೋ ಆಂಪಿಯರ್‌ವರೆಗಿನ ಹೊಡೆತ ತಾಳುವ, 320 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಸತತ ವೋಲ್ಟೇಜಿಗೆ ಹೊಂದುವ, ಕೆಟ್ಟಾಗ ಹಸಿರು ಕಿಟಕಿ ಕೆಂಪಾಗುವ ಮಾದರಿ ನಮ್ಮ ಲೈನುಗಳಿಗೆ ಸರಿ. ಎಲೆಕ್ಟ್ರಿಷಿಯನ್ ಕೆಲಸ ಮಾಡುವಾಗ ನೀವು ಪಕ್ಕದಲ್ಲೇ ನಿಂತು ನೋಡಬೇಕಾದದ್ದು ತಂತಿಯ ಉದ್ದ. ಫೇಸಿನಿಂದ ಎಸ್‌ಪಿಡಿಗೂ ಎಸ್‌ಪಿಡಿಯಿಂದ ಅರ್ಥ್ ಬಾರಿಗೂ ಹೋಗುವ ತಂತಿಗಳು ಕೂಡಿ ಅರ್ಧ ಮೀಟರ್ ದಾಟಬಾರದು, ಸುರುಳಿ ಸುತ್ತಬಾರದು. ಸಿಡಿಲಿನ ವೇಗದ ಹೊಡೆತದಲ್ಲಿ ಒಂದು ಮೀಟರ್ ನೇರ ತಂತಿಯೇ ಸಾವಿರ ವೋಲ್ಟ್‌ನಷ್ಟನ್ನು ತನ್ನ ಮೇಲೆ ಎಬ್ಬಿಸಿಕೊಳ್ಳಬಲ್ಲದು, ಅದೆಲ್ಲ ನಿಮ್ಮ ಉಪಕರಣದ ಪಾಲಿಗೇ ಸೇರುತ್ತದೆ. ಚೆಂದ ಕಾಣಲೆಂದು ತಂತಿಯನ್ನು ಪೆಟ್ಟಿಗೆಯ ಅಂಚಿನಲ್ಲಿ ಸುತ್ತಾಡಿಸಿ ಕಟ್ಟುವವರೇ ಹೆಚ್ಚು.

ಇದೆಲ್ಲವೂ ನಿಂತಿರುವುದು ಅರ್ಥಿಂಗ್ ಮೇಲೆ. ನಮ್ಮ ಜಂಬಿಟ್ಟಿಗೆ ನೆಲ ಒಣಗಿದರೆ ಕರೆಂಟನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಗಸ್ಟ್‌ನಲ್ಲಿ ಮಣ್ಣೆಲ್ಲ ನೆನೆದಿರುವಾಗ ಅರ್ಥ್ ಟೆಸ್ಟರ್ ಹಿಡಿದರೆ ಒಳ್ಳೆಯ ಅಂಕಿ ಬರುತ್ತದೆ. ಸಿಡಿಲು ಶುರುವಾಗುವುದು ಏಪ್ರಿಲ್–ಮೇ ತಿಂಗಳಲ್ಲಿ, ನೆಲ ಪೂರ್ತಿ ಒಣಗಿರುವಾಗ. ಹಾಗಾಗಿ ಪರೀಕ್ಷೆಯನ್ನು ಮೊದಲ ಮಳೆಗೆ ಮುಂಚೆಯೇ ಮಾಡಿಸಿ. 5 ಓಮ್ ಒಳಗೆ ಬಂದರೆ ಬಹಳ ಸಂತೋಷ. ಗುಡ್ಡದ ಇಳಿಜಾರಿನ ಮನೆಗಳಲ್ಲಿ ಒಂದೇ ಗುಂಡಿಯಿಂದ ಅಷ್ಟು ಬರುವುದು ಕಷ್ಟ, ದೂರ ದೂರಕ್ಕೆ ಇನ್ನೊಂದೆರಡು ಪೈಪ್ ಇಳಿಸಿ ಒಟ್ಟಿಗೆ ಕಟ್ಟಬೇಕಾಗುತ್ತದೆ. ಬಚ್ಚಲಿನ ನೀರು ಹರಿಯುವ ಕಡೆ ಗುಂಡಿ ಇದ್ದರೆ ಬೇಸಿಗೆಯಲ್ಲೂ ತಂಪು ಉಳಿಯುತ್ತದೆ. ಉಪ್ಪು ಹೆಚ್ಚು ಸುರಿದರೆ ಪೈಪು ಬೇಗ ತುಕ್ಕು ಹಿಡಿಯುತ್ತದೆ, ಬೆಂಟೊನೈಟ್ ಎಂಬ ಜೇಡಿಮಣ್ಣು ಮೇಲು.

ಇಷ್ಟು ಮಾಡಿಯೂ ನೇರವಾಗಿ ಮನೆಗೋ ಪಕ್ಕದ ಕಂಬಕ್ಕೋ ಸಿಡಿಲು ಬಡಿದರೆ ಯಾವ ಪೆಟ್ಟಿಗೆಯೂ ಖಾತರಿ ಕೊಡಲಾರದು. ಗುಡುಗು ಕೇಳಿಸತೊಡಗುವ ಮೊದಲೇ ಪ್ಲಗ್ ಕಿತ್ತಿಡುವ ನಮ್ಮ ಹಿರಿಯರ ರೂಢಿಗೆ ಸಮನಾದ ರಕ್ಷಣೆ ಇನ್ನೂ ಬಂದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚು ಕಡಿಯುವುದು ಫೇಸನ್ನು ಮಾತ್ರ, ಅದರೊಳಗಿನ ಕೆಲವೇ ಮಿಲಿಮೀಟರ್ ಅಂತರ ಸಿಡಿಲಿಗೆ ಲೆಕ್ಕವಿಲ್ಲ. ಪ್ಲಗ್ಗಿನ ಜೊತೆಗೆ ಡಿಶ್ ಕೇಬಲನ್ನೂ ಕಿತ್ತು, ಅದರ ತುದಿಯನ್ನು ಟಿ.ವಿ.ಯಿಂದ ದೂರ ಇಡಬೇಕು. ಮೋಡ ಕಟ್ಟಿದ ದಿನ ತೋಟಕ್ಕೋ ಪೇಟೆಗೋ ಹೋಗುವುದಿದ್ದರೆ ಹೊರಡುವ ಮುಂಚೆಯೇ ಈ ಕೆಲಸ ಮುಗಿಸಿ. ಕೀಳಲು ಅನುಕೂಲವಾಗುವಂತೆ ಎಲ್ಲ ಉಪಕರಣಗಳನ್ನೂ ಒಂದೇ ಗಟ್ಟಿಯಾದ 16 ಆಂಪಿಯರ್ ಸಾಕೆಟ್ಟಿನಿಂದ ತೆಗೆದುಕೊಳ್ಳಿ, ಆ ಸಾಕೆಟ್ಟು ಕಪಾಟಿನ ಹಿಂದೆ ಹುದುಗಿರಬಾರದು.

ಹಾಗಾದರೆ ಕಂಡಿಷನರ್ ಯಾವಾಗ? ಮೇಲಿನದೆಲ್ಲ ಆದ ಮೇಲೆ ಹಣ ಉಳಿದಿದ್ದು, ಪಂಪು ಚಾಲೂ ಆದಾಗೆಲ್ಲ ಸ್ಪೀಕರಿನಲ್ಲಿ ಚಟಪಟ ಕೇಳುತ್ತಿದ್ದರೆ ಕೊಳ್ಳಬಹುದು. ಅಮೆರಿಕದಿಂದ ಮಕ್ಕಳು ತಂದುಕೊಡುವ ಪೆಟ್ಟಿಗೆಗಳು 120 ವೋಲ್ಟ್‌ಗೆ ಮಾಡಿದವು, ನಮ್ಮ ಲೈನಿಗೆ ಹಾಕಿದ ತಕ್ಷಣ ಹೊಗೆಯಾಡುತ್ತವೆ. 230 ವೋಲ್ಟ್ ಮಾದರಿಯೇ ಆಗಬೇಕು. ಚಿತ್ರ, ದನಿ ಎರಡೂ ಬೇರೆಯೇ ಮಟ್ಟಕ್ಕೆ ಹೋಗುತ್ತವೆ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಸಬ್‌ವೂಫರ್‌ನಲ್ಲಿ ಸದಾ ಗುಂಯ್ ಎನ್ನುವ ಸದ್ದು ಇದ್ದರೆ ಕಂಡಿಷನರ್ ಕೊಳ್ಳುವ ಮೊದಲು ಸೆಟ್‌ಟಾಪ್ ಬಾಕ್ಸಿನಿಂದ ಡಿಶ್ ಕೇಬಲ್ ಬಿಚ್ಚಿ ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಅರ್ಥಿಂಗ್‌ಗಳ ನಡುವೆ ಕರೆಂಟ್ ಸುತ್ತುವುದು; ಡಿಶ್ ಅರ್ಥಿಂಗನ್ನು ಮೇಲೆ ಹೇಳಿದಂತೆ ಒಂದೇ ಕಡೆ ತಂದರೆ ಬಹುತೇಕ ಹೋಗುತ್ತದೆ. ಆ ಸದ್ದು ನಿಲ್ಲಿಸಲೆಂದು ರಿಸೀವರ್ ಅಥವಾ ಸಬ್‌ವೂಫರ್ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಅದಕ್ಕೆ ಮಾತ್ರ ಯಾರನ್ನೂ ಬಿಡಬೇಡಿ, ಒಳಗೆ ಫೇಸ್ ಬಾಡಿಗೆ ತಾಗಿದ ದಿನ ಮುಟ್ಟಿದವರ ಪ್ರಾಣಕ್ಕೇ ಬರುತ್ತದೆ.